ಅಜ್ಜಿ ಹುಟ್ಟಿದ್ದು ಎಲ್ಲಿ? ರಗ್ಬಿ ಕೇಳುವ ಪ್ರಶ್ನೆ

ಏಪ್ರಿಲ್ ಬಂತೆಂದರೆ ಕೊಡಗಿನ ನಮ್ಮ ನಾಪೋಕ್ಲು ಕಡೆಯ ಗದ್ದೆಗಳಲ್ಲಿ ಬತ್ತದ ಕೂಳೆ ಬಿಟ್ಟು ಬೇರೇನೂ ಇರುವುದಿಲ್ಲ. ಕೊಡವ ಕುಟುಂಬಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ ಹತ್ತಿರವಾದಾಗ ಅದನ್ನೇ ಒಂದಿಷ್ಟು ತಟ್ಟಿ ಸಮ ಮಾಡಿ ಪ್ರಾಕ್ಟೀಸ್ ಶುರು ಮಾಡುತ್ತೇವೆ. ಎರಡು ವರ್ಷದ ಹಿಂದೆ ಹೀಗೇ ಆಡುತ್ತಿದ್ದಾಗ, ಆಕ್ಲೆಂಡ್‌ನಿಂದ ರಜೆಗೆ ಬಂದಿದ್ದ ದೊಡ್ಡಪ್ಪನ ಮೊಮ್ಮಗಳು ನನ್ನ ತಮ್ಮನ ಸೊಂಟಕ್ಕೆ ಭುಜ ಕೊಟ್ಟು ಅವನನ್ನು ಕೂಳೆಯ ಮೇಲೆ ಕೆಡವಿದಳು. ಹುಡುಗಿಗೆ ಆಗ ಹದಿನೈದು ವರ್ಷ. ತಮ್ಮ ಎಂಬತ್ತೈದು ಕೇಜಿ. ಕೈಯಲ್ಲಿದ್ದ ಹಾಕಿ ಸ್ಟಿಕ್ಕನ್ನು ಅವಳು ಯಾವಾಗಲೋ ಎಸೆದಾಗಿತ್ತು.

ಅಲ್ಲಿ ಶಾಲೆಯಲ್ಲಿ ಅವಳು ಆಡುವುದು ರಗ್ಬಿ. ಅಭ್ಯಾಸಬಲ, ಪಾಪ.

ಆ ಸಂಜೆ ಐನ್‌ಮನೆಯ ಜಗಲಿಯಲ್ಲಿ ಚರ್ಚೆ ಹತ್ತಿಕೊಂಡಿತು. ಮುಂದೆ ಇವಳು ಚೆನ್ನಾಗಿ ಆಡಿದರೆ ಯಾವ ದೇಶಕ್ಕೆ ಆಡಬಹುದು? 'ನ್ಯೂಜಿಲೆಂಡ್, ಇನ್ಯಾವುದು?' ಎಂದ ಒಬ್ಬ. 'ನಮ್ಮ ರಕ್ತ ಅಲ್ವಾ, ಭಾರತಕ್ಕೂ ಆಡಬಹುದು' ಎಂದ ಇನ್ನೊಬ್ಬ. ಅವಳ ಕುಟುಂಬದ ಲೆಕ್ಕ ಸ್ವಲ್ಪ ಗೋಜಲು. ಅವಳು ಹುಟ್ಟಿದ್ದು ಆಕ್ಲೆಂಡ್‌ನಲ್ಲಿ. ಅಮ್ಮ ಫಿಜಿಯ ಭಾರತೀಯ ಮೂಲದವರು, ಹುಟ್ಟಿದ್ದು ಸುವಾದಲ್ಲಿ. ಅಪ್ಪ, ಅಂದರೆ ನನ್ನ ದೊಡ್ಡಪ್ಪನ ಮಗ, ಹುಟ್ಟಿದ್ದು ದುಬೈನಲ್ಲಿ. ದೊಡ್ಡಪ್ಪ ಆಗ ಅಲ್ಲಿ ಕೆಲಸದಲ್ಲಿದ್ದರು. ಕೊಡಗಿನ ಮಣ್ಣಿನಲ್ಲಿ ಹುಟ್ಟಿದವರು ಅಂದರೆ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ.

ನಾನು ರಗ್ಬಿ ನೋಡುವವನು. ಜಗಲಿಯಲ್ಲಿ ಅಂಥವನು ಒಬ್ಬನೇ. ಹಾಗಾಗಿ ತೀರ್ಪು ನನ್ನ ತಲೆಗೆ ಬಂತು. ನನ್ನ ಉತ್ತರ ಕೇಳಿ ಎಲ್ಲರೂ ನಕ್ಕರು: ರಗ್ಬಿ ನಿಯಮದ ಪ್ರಕಾರ ಈ ಹುಡುಗಿ ನ್ಯೂಜಿಲೆಂಡ್, ಫಿಜಿ, ಭಾರತ, ಯುಎಇ, ಈ ನಾಲ್ಕರಲ್ಲಿ ಯಾವುದಕ್ಕೆ ಬೇಕಾದರೂ ಆಡಲು ಅರ್ಹಳು.

ನಗು ಬರುವುದು ಸಹಜ. ಆದರೆ ನಿಯಮ ಹಾಗೇ ಇದೆ. ಆಟವನ್ನು ಜಗತ್ತಿನಾದ್ಯಂತ ನಡೆಸುವ ಸಂಸ್ಥೆ ವರ್ಲ್ಡ್ ರಗ್ಬಿಯ ನಿಯಮಾವಳಿಯಲ್ಲಿ 8ನೇ ನಿಯಮ ಅಂತ ಒಂದಿದೆ. ಅದು ಪಾಸ್‌ಪೋರ್ಟ್ ಕೇಳುವುದಿಲ್ಲ. ಆ ದೇಶದಲ್ಲಿ ನೀನು ಹುಟ್ಟಿದೆಯಾ? ನಿನ್ನ ಅಪ್ಪ ಅಮ್ಮನಲ್ಲಿ ಒಬ್ಬರು, ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದರಾ? ಇಲ್ಲವೆಂದರೆ ನೀನು ಸತತವಾಗಿ 60 ತಿಂಗಳು ಆ ದೇಶದ ರಗ್ಬಿ ಸಂಸ್ಥೆಯಲ್ಲಿ ಮಾತ್ರ ನೋಂದಾಯಿಸಿಕೊಂಡಿದ್ದೀಯಾ, ಅಥವಾ ಅಲ್ಲಿ ಬಿಟ್ಟು ಬಿಟ್ಟು ಒಟ್ಟು 10 ವರ್ಷ ವಾಸ ಮಾಡಿದ್ದೀಯಾ? ಯಾವುದಾದರೂ ಒಂದಕ್ಕೆ ಹೌದು ಅಂದರೆ ಸಾಕು. ದುಬೈನಲ್ಲಿ ಹುಟ್ಟಿದ ನನ್ನ ಅಣ್ಣನಿಗೆ ಯುಎಇ ಪೌರತ್ವ ಸಿಗಲಿಲ್ಲ, ಸಿಗುವುದೂ ಇಲ್ಲ. ಆದರೂ ಅವನ ಮಗಳು ಆ ದೇಶದ ಜರ್ಸಿ ಹಾಕಬಹುದು.

ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ, ನಿಯಮದ ಜೊತೆ ಇದನ್ನು ಇಟ್ಟು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಶುರು ಮಾಡಿದ ಈ ಹಾಕಿ ಹಬ್ಬ 2024ರಲ್ಲಿ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಹೋಯಿತು. ಅಲ್ಲಿ ಕೇಳುವುದು ಮನೆಹೆಸರು. ಬೆಂಗಳೂರಿನಲ್ಲಿರು, ಬೋಸ್ಟನ್‌ನಲ್ಲಿರು, ಒಕ್ಕ ಒಂದೇ. ಆದರೆ ಒಕ್ಕ ನಡೆಯುವುದು ಅಪ್ಪನ ಕಡೆಯಿಂದ ಮಾತ್ರ. ರಗ್ಬಿಯಲ್ಲಿ ನಾಲ್ಕೂ ಅಜ್ಜ ಅಜ್ಜಿಯರಿಗೆ ಸಮಾನ ತೂಕ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ತಂಡದವಳೋ ಗಂಡನ ಮನೆ ತಂಡದವಳೋ ಅಂತ ನಮ್ಮ ಜಗಲಿಯಲ್ಲಿ ಪ್ರತಿ ವರ್ಷ ಜಗಳ ಆಗುತ್ತದೆ. ರಗ್ಬಿಯವರನ್ನು ಕೇಳಿದ್ದರೆ 'ಎರಡೂ' ಅಂದು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ದೇಶ ಬದಲಿಸಿ ಆಡುವವರನ್ನು ನೋಡುವುದು ಕೊಡಗಿನ ಹಾಕಿ ಮಂದಿಗೆ ಹೊಸದೇನಲ್ಲ. ಜಬಲ್ಪುರದಲ್ಲಿ ಹುಟ್ಟಿ ಆಸ್ಟ್ರೇಲಿಯಾಗೆ ಹೋದ ಪಿಯರ್ಸ್ ಸಹೋದರರು ಐದು ಜನ, ಐವರೂ ಆ ದೇಶಕ್ಕೆ ಹಾಕಿ ಆಡಿದರು. 2023ರಲ್ಲಿ ಭುವನೇಶ್ವರದ ವಿಶ್ವಕಪ್ ನೋಡಿದವರಿಗೆ ಗೊನ್ಸಾಲೊ ಪೆಯ್ಯಾಟ್ ನೆನಪಿರಬೇಕು. 2016ರ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾಗೆ ಚಿನ್ನ ಗೆದ್ದವನು ಇಲ್ಲಿ ಜರ್ಮನಿಯ ಪರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ. ಜರ್ಮನಿ ಕಪ್ ಗೆದ್ದಿತು. ಟೀವಿ ಮುಂದೆ ಕೂತಿದ್ದ ನಮ್ಮವರು 'ಇವನು ಅವನೇ ಅಲ್ವಾ?' ಅಂದರು, ಅಷ್ಟೇ. ಯಾರಿಗೂ ಕೋಪ ಬರಲಿಲ್ಲ.

ರಗ್ಬಿಯಲ್ಲಿ ಮಾತ್ರ ಈ ವಿಷಯಕ್ಕೆ ತುಂಬಾ ಕೋಪ ಇದೆ. ಯಾಕೆ ಅಂತ ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

ಮೊದಲು ಅಜ್ಜ ಅಜ್ಜಿಯರ ಹಗರಣ. ಆಗ ಒಂದು ದೇಶಕ್ಕೆ ಆಡಿದವನು ಇನ್ನೊಂದಕ್ಕೂ ಆಡಬಹುದಿತ್ತು. ಶೇನ್ ಹೋವರ್ತ್ 1994ರಲ್ಲಿ ನ್ಯೂಜಿಲೆಂಡ್‌ಗೆ 4 ಟೆಸ್ಟ್ (ರಗ್ಬಿಯಲ್ಲಿ ದೇಶ ದೇಶಗಳ ನಡುವಿನ ಪಂದ್ಯಕ್ಕೆ ಇದೇ ಹೆಸರು) ಆಡಿದ್ದ. ಆಮೇಲೆ ವೇಲ್ಸ್‌ಗೆ ಬಂದು 19 ಆಡಿದ. ಅಜ್ಜ ಕಾರ್ಡಿಫ್‌ನವನು ಅನ್ನುವುದು ಆಧಾರ. 2000ದಲ್ಲಿ ಪತ್ರಿಕೆಯವರು ಕೆದಕಿದಾಗ ಅಜ್ಜ ಅಲ್ಲಿ ಹುಟ್ಟಿದ್ದಕ್ಕೆ ದಾಖಲೆಯೇ ಸಿಗಲಿಲ್ಲ. ಅದೇ ಹೊತ್ತಿಗೆ ಸ್ಕಾಟ್ಲೆಂಡ್‌ನ ಡೇವಿಡ್ ಹಿಲ್ಟನ್ ಕಥೆಯೂ ಹೊರಬಿತ್ತು. ಎಡಿನ್‌ಬರೋದಲ್ಲಿ ಹುಟ್ಟಿದ ಅಂತ ಮನೆಯವರು ನಂಬಿದ್ದ ಅಜ್ಜ ನಿಜವಾಗಿ ಹುಟ್ಟಿದ್ದು ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ. ಹಿಲ್ಟನ್ ಆ ಹೊತ್ತಿಗೆ ಸ್ಕಾಟ್ಲೆಂಡ್‌ಗೆ 41 ಟೆಸ್ಟ್ ಆಡಿ ಮುಗಿಸಿದ್ದ! ಪಾಪ, ಆಮೇಲೆ ಅಲ್ಲೇ ವಾಸ ಮಾಡಿದ ಲೆಕ್ಕದಲ್ಲಿ ಅರ್ಹತೆ ಪಡೆದು ಇನ್ನೊಂದು ಆಡಿದ. ನಲವತ್ತೊಂದು ಪಂದ್ಯ ಸ್ಕಾಟ್ಲೆಂಡ್‌ನವನಲ್ಲ, ನಲವತ್ತೆರಡನೆಯದಕ್ಕೆ ಹೌದು. ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಲೆಕ್ಕ ಇದೇ.

2000ದಲ್ಲಿ ನಿಯಮ ಬಿಗಿಯಾಯಿತು. ಒಮ್ಮೆ ಒಂದು ದೇಶಕ್ಕೆ ಆಡಿದರೆ ಜೀವನಪೂರ್ತಿ ಅದೇ ದೇಶ. ಕೇಳಲು ಸರಿಯಾಗಿದೆ. ಮೋಸ ನಿಲ್ಲಿಸಬೇಕಲ್ಲ. ಆದರೆ ಈ ಬೀಗ ಯಾರ ಮೇಲೆ ಬಿತ್ತು ನೋಡಿ.

ಟೋಂಗಾ ಅನ್ನುವ ಪೆಸಿಫಿಕ್ ದ್ವೀಪದೇಶದ ಜನಸಂಖ್ಯೆ ಸುಮಾರು 1 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಕೊಡಗು 5.54 ಲಕ್ಷ. ಅಂದರೆ ಕೊಡಗಿನ ಐದರಲ್ಲಿ ಒಂದು ಪಾಲು. ಅಷ್ಟು ಸಣ್ಣ ದೇಶ, ಅಲ್ಲಿ ರಗ್ಬಿಯೇ ಎಲ್ಲ. ಆದರೆ ಆಡಿ ಬದುಕಲು ಅಲ್ಲಿ ಕ್ಲಬ್ ಇಲ್ಲ, ಸಂಬಳ ಇಲ್ಲ. ಹುಡುಗರು ನ್ಯೂಜಿಲೆಂಡ್ ಶಾಲೆಗಳಿಗೆ ಸ್ಕಾಲರ್‌ಶಿಪ್ ಮೇಲೆ ಹೋಗುತ್ತಾರೆ. ಮಲಕಾಯ್ ಫೆಕಿಟೋವಾ ಹೀಗೆ ಹೋದವನು. ಟೋಂಗಾದಲ್ಲೇ ಹುಟ್ಟಿದವನು. 2014ರಿಂದ 2017ರವರೆಗೆ ನ್ಯೂಜಿಲೆಂಡ್‌ಗೆ 24 ಟೆಸ್ಟ್ ಆಡಿದ, 2015ರ ವಿಶ್ವಕಪ್ ತಂಡದಲ್ಲೂ ಇದ್ದ. ಆಮೇಲೆ ಅಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದರು. ಅವನು ಯೂರೋಪಿಗೆ ಹೋಗಿ ಕ್ಲಬ್ ರಗ್ಬಿ ಆಡಿದ. ಇನ್ನೂ ಚೆನ್ನಾಗೇ ಆಡುತ್ತಿದ್ದ. ಆದರೆ ತಾನು ಹುಟ್ಟಿದ ದೇಶಕ್ಕೆ ಆಡುವ ಹಾಗಿರಲಿಲ್ಲ. ನ್ಯೂಜಿಲೆಂಡ್‌ಗೆ ಅವನು ಬೇಡ, ಟೋಂಗಾಗೆ ಅವನು ಬೇಕು, ಆದರೆ ಸಿಗುವುದಿಲ್ಲ. ಚಾರ್ಲ್ಸ್ ಪಿಯುಟಾವ್ ಕಥೆಯೂ ಹೆಚ್ಚುಕಮ್ಮಿ ಹೀಗೇ. ಅವನು ಆಕ್ಲೆಂಡ್‌ನಲ್ಲಿ ಹುಟ್ಟಿದವನು, ನ್ಯೂಜಿಲೆಂಡ್‌ಗೆ 17 ಟೆಸ್ಟ್ ಆಡಿದವನು. ಅವನ ಅಣ್ಣ ಸಿಯಾಲೆ ಟೋಂಗಾ ತಂಡದ ನಾಯಕನಾಗಿದ್ದ. ತಮ್ಮ ಗ್ಯಾಲರಿಯಲ್ಲಿ ಕೂತು ನೋಡಬೇಕು.

ಹದಿನೈದು, ಇಪ್ಪತ್ತು ಟೆಸ್ಟ್ ಆಡಿದವರ ಮಾತು ಬಿಡಿ. ಒಂದೇ ಒಂದು ಪಂದ್ಯ, ಅದೂ ಕೊನೆಯ ಹತ್ತು ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿದರೂ ಬೀಗ ಬಿದ್ದ ಹಾಗೇ. ದೊಡ್ಡ ದೇಶಕ್ಕೆ ಅದು ಒಂದು ಪ್ರಯೋಗ. ಹುಡುಗನಿಗೆ ಮಾತ್ರ ಜೀವಮಾನದ ಲೆಕ್ಕ.

ಇನ್ನೊಂದು ಕಡೆ ವಾಸದ ನಿಯಮ. ಆಗ ಅದು ಬರೀ 36 ತಿಂಗಳು. ಹಣವಿದ್ದ ದೇಶಗಳು ಇದನ್ನು ಚೆನ್ನಾಗಿಯೇ ಬಳಸಿಕೊಂಡವು. ಆಕ್ಲೆಂಡ್‌ನಲ್ಲಿ ಸಮೋವಾ ಮೂಲದ ಮನೆಯಲ್ಲಿ ಹುಟ್ಟಿದ ಬಂಡೀ ಆಕಿ 2014ರಲ್ಲಿ ಐರ್ಲೆಂಡ್‌ನ ಕನಾಕ್ಟ್ ತಂಡಕ್ಕೆ ಬಂದ, 2017ರ ನವೆಂಬರ್‌ನಲ್ಲಿ ಐರ್ಲೆಂಡ್ ಜರ್ಸಿ ಹಾಕಿದ. ಮೂರು ವರ್ಷ, ಲೆಕ್ಕ ಹಾಕಿದ ಹಾಗೆ. ಇಂಥವರಿಗೆ ಅಲ್ಲಿ 'ಪ್ರಾಜೆಕ್ಟ್ ಪ್ಲೇಯರ್' ಅಂತ ಹೆಸರು. ಕಟ್ಟಡದ ಕಾಮಗಾರಿಯ ಹಾಗೆ ಕೇಳಿಸುತ್ತದೆ, ಅಲ್ವಾ? ಆಕಿ ಆಮೇಲೆ ಐರ್ಲೆಂಡ್‌ಗೆ ಹೃದಯ ಕೊಟ್ಟು ಆಡಿದ, ಅದರಲ್ಲಿ ಎರಡು ಮಾತಿಲ್ಲ.

ಎಲ್ಲ ವಲಸೆಯೂ ಈ ಥರದ್ದಲ್ಲ ಅನ್ನುವುದಕ್ಕೆ ಮೈಕಲ್ ಲೀಚ್ ಇದ್ದಾನೆ. ಕ್ರೈಸ್ಟ್‌ಚರ್ಚ್‌ನಲ್ಲಿ ಹುಟ್ಟಿದವನು, ಅಮ್ಮ ಫಿಜಿಯವರು. 15 ವರ್ಷದವನಾಗಿದ್ದಾಗ ಸಪ್ಪೊರೋದ ಶಾಲೆಗೆ ಹೋದ. ಜಪಾನಿ ಭಾಷೆ ಕಲಿತ, ಅಲ್ಲಿನ ಪೌರತ್ವ ಪಡೆದ, 2019ರ ವಿಶ್ವಕಪ್‌ನಲ್ಲಿ ಜಪಾನ್ ನಾಯಕನಾಗಿ ತಂಡವನ್ನು ಮೊದಲ ಬಾರಿ ಕ್ವಾರ್ಟರ್‌ಫೈನಲ್‌ಗೆ ಒಯ್ದ. ಆ ತಂಡದಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಹೊರದೇಶದಲ್ಲಿ ಹುಟ್ಟಿದವರು. ಜಪಾನಿಗರು ಅವರನ್ನು ತಲೆ ಮೇಲೆ ಹೊತ್ತು ಕುಣಿದರು.

ಲೀಚ್ ಮತ್ತು ಪ್ರಾಜೆಕ್ಟ್ ಪ್ಲೇಯರ್ ನಡುವಿನ ವ್ಯತ್ಯಾಸ ನಿಯಮಕ್ಕೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ತಿಂಗಳ ಸಂಖ್ಯೆ. ಹಾಗಾಗಿ ಅರ್ಜೆಂಟೀನಾದ ಮಾಜಿ ನಾಯಕ ಅಗಸ್ಟಿನ್ ಪಿಚೋಟ್ ವರ್ಲ್ಡ್ ರಗ್ಬಿಯ ಉಪಾಧ್ಯಕ್ಷನಾಗಿದ್ದಾಗ ಈ ಸಂಖ್ಯೆಯ ಮೇಲೇ ಕೈ ಹಾಕಿದ. 2017ರ ಮೇ ತಿಂಗಳಲ್ಲಿ ಕ್ಯೋಟೋದಲ್ಲಿ ಸಭೆ ಸೇರಿ 36ನ್ನು 60 ಮಾಡಿದರು. ಕೋವಿಡ್‌ನಿಂದಾಗಿ ಜಾರಿ ಒಂದು ವರ್ಷ ಮುಂದೆ ಹೋಗಿ 2022ರ ಆರಂಭದಿಂದ ಲಾಗೂ ಆಯಿತು. ಆಮೇಲೆ ವಾಸದ ಬದಲು ನೋಂದಣಿಯ ತಿಂಗಳು ಎಣಿಸತೊಡಗಿದರು. ಐದು ವರ್ಷ ಕಾಯಲು ಎಲ್ಲ ಕ್ಲಬ್ಬುಗಳಿಗೂ ತಾಳ್ಮೆ ಇರುವುದಿಲ್ಲ. ಇಪ್ಪತ್ತೆರಡಕ್ಕೆ ಬಂದವನು ಇಪ್ಪತ್ತೇಳಕ್ಕೆ ಅರ್ಹನಾಗುತ್ತಾನೆ. ಅಷ್ಟರಲ್ಲಿ ಅವನ ಮೊಣಕಾಲು ಏನಾಗಿರುತ್ತದೋ.

ವಾಸದ ತಿಂಗಳು ಎಣಿಸುವ ನಿಯಮದಲ್ಲಿ ಇನ್ನೊಂದು ತಲೆನೋವಿತ್ತು. ಆಟಗಾರ ನಿಜವಾಗಿ ಅಲ್ಲೇ ಇದ್ದನಾ ಅಂತ ಸಾಬೀತು ಮಾಡಬೇಕಿತ್ತು. 2023ರ ವಿಶ್ವಕಪ್‌ಗೆ ಸ್ಪೇನ್ ಅರ್ಹತೆ ಪಡೆದು ಸಂಭ್ರಮಿಸಿತ್ತು. ಆಮೇಲೆ ಗೊತ್ತಾಯಿತು, ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಒಬ್ಬ ಆಟಗಾರ ಸ್ಪೇನ್‌ನಲ್ಲಿ ಇರಬೇಕಾದಷ್ಟು ದಿನ ಇರಲಿಲ್ಲ. ದಾಖಲೆಗೆ ಕೊಟ್ಟ ಪಾಸ್‌ಪೋರ್ಟ್ ಪ್ರತಿಯನ್ನೇ ತಿದ್ದಲಾಗಿತ್ತು. ಅವನು ಆಡಿದ್ದ ಎರಡು ಪಂದ್ಯಕ್ಕೆ 10 ಪಾಯಿಂಟ್ ಕಡಿತವಾಯಿತು. ಸ್ಪೇನ್ ಹೊರಗೆ, ರೊಮೇನಿಯಾ ಒಳಗೆ. ಪೋರ್ಚುಗಲ್ ಒಂದು ಸ್ಥಾನ ಮೇಲೆ ಬಂದು ಕೊನೆಯ ಅವಕಾಶದ ಟೂರ್ನಿಗೆ ಹೋಯಿತು. ದುಬೈನಲ್ಲಿ ಅಮೆರಿಕ ಜೊತೆ 16-16ರ ಡ್ರಾ ಮಾಡಿಕೊಂಡು ವಿಶ್ವಕಪ್ ಸೇರಿತು, ಅಲ್ಲಿ ಫಿಜಿಯನ್ನು 24-23ರಿಂದ ಸೋಲಿಸಿತು. ಆ ವಿಶ್ವಕಪ್‌ನಲ್ಲಿ ನಾನು ನೋಡಿದ ಅತಿ ಚಂದದ ಪಂದ್ಯ ಅದು. ಯಾರೋ ಒಂದು ಜೆರಾಕ್ಸ್ ತಿದ್ದದಿದ್ದರೆ ಅದು ನಡೆಯುತ್ತಲೇ ಇರಲಿಲ್ಲ.

ಈಗ ಬೀಗದ ವಿಷಯಕ್ಕೆ ವಾಪಸ್ ಬರೋಣ. 2021ರ ನವೆಂಬರ್‌ನಲ್ಲಿ ವರ್ಲ್ಡ್ ರಗ್ಬಿ ಬೀಗ ಸಡಿಲಿಸಿತು. 2022ರ ಜನವರಿ 1ರಿಂದ, ಒಂದು ದೇಶಕ್ಕೆ ಆಡಿ 3 ವರ್ಷ ಕಳೆದವನು ಜೀವನದಲ್ಲಿ ಒಂದೇ ಸಲ ಇನ್ನೊಂದು ದೇಶಕ್ಕೆ ಹೋಗಬಹುದು. ಆದರೆ ಅಲ್ಲಿ ಅವನೋ, ಅವನ ಅಪ್ಪ ಅಮ್ಮನೋ, ಅಜ್ಜ ಅಜ್ಜಿಯೋ ಹುಟ್ಟಿರಬೇಕು. ವಾಸದ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ನನ್ನ ಪ್ರಕಾರ ಇಡೀ ನಿಯಮಾವಳಿಯಲ್ಲಿ ಜಾಣತನದ ಭಾಗ ಇದು. ಹಣ ಕೊಟ್ಟು ಕರೆಸಿಕೊಳ್ಳುವ ದಾರಿ ಉದ್ದವಾಯಿತು, ಬೇರಿನ ಕಡೆ ವಾಪಸಾಗುವ ದಾರಿ ತೆರೆಯಿತು.

ಫೆಕಿಟೋವಾ ಟೋಂಗಾಗೆ ಆಡಿದ. ಪಿಯುಟಾವ್ ಆಡಿದ. ಆಸ್ಟ್ರೇಲಿಯಾಗೆ 73 ಟೆಸ್ಟ್ ಆಡಿದ್ದ ಇಸ್ರೇಲ್ ಫೊಲಾವ್ ಕೂಡ ಬಂದ. ಸಮೋವಾಗೆ ನ್ಯೂಜಿಲೆಂಡ್‌ನ ಲಿಮಾ ಸೊಪೊವಾಗ, ಚಾರ್ಲಿ ಫೌಮುವಿನಾ, ಆಸ್ಟ್ರೇಲಿಯಾದ ಕ್ರಿಶ್ಚಿಯನ್ ಲೆಯಾಲಿಫಾನೊ ಸಿಕ್ಕರು. ಇನ್ನು ಇಂಗ್ಲೆಂಡ್, ಐರ್ಲೆಂಡ್ ನಡುಗುತ್ತವೆ ಅಂತ ನಾನೂ ಜಗಲಿಯಲ್ಲಿ ಕೊಚ್ಚಿಕೊಂಡಿದ್ದೆ.

ಹಾಗಾಗಲಿಲ್ಲ. 2023ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಟೋಂಗಾವನ್ನು 59-16ರಿಂದ ಹಣಿಯಿತು. ಸಮೋವಾ ಮಾತ್ರ ಇಂಗ್ಲೆಂಡ್ ವಿರುದ್ಧ 17-18ರಲ್ಲಿ, ಒಂದೇ ಪಾಯಿಂಟ್‌ನಲ್ಲಿ ಸೋತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡೂ ತಂಡ ಗುಂಪು ಹಂತ ದಾಟಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಟಗಾರರು ಫ್ರಾನ್ಸ್, ಇಂಗ್ಲೆಂಡ್, ಜಪಾನ್‌ಗಳಲ್ಲಿ ಚದುರಿದ್ದಾರೆ. ವರ್ಷದಲ್ಲಿ ಕೆಲವೇ ವಾರ ಒಟ್ಟಿಗೆ ಸೇರುತ್ತಾರೆ. ಹೆಸರಿದ್ದವರು ಮೂವತ್ತು ದಾಟಿದ ಮೇಲೆ ಬಂದಿದ್ದಾರೆ. ಕೌಟುಂಬಿಕ ಹಾಕಿಗೆ ಹಿಂದಿನ ರಾತ್ರಿ ಬಸ್ಸಿನಲ್ಲಿ ಬಂದಿಳಿದು ಬೆಳಗ್ಗೆ ಆಡುವ ನಮ್ಮ ಬೆಂಗಳೂರಿನ ಹುಡುಗರನ್ನು ಕೇಳಿ, ಇದು ಏನಂತ ಅವರಿಗೆ ಗೊತ್ತು.

ಈ ದಾರಿ ಸಣ್ಣ ದೇಶಗಳಿಗೆ ಮಾತ್ರ ತೆರೆದದ್ದೂ ಅಲ್ಲ. ಆಸ್ಟ್ರೇಲಿಯಾಗೆ ಆಡಿದ್ದ ಜಾಕ್ ಡೆಂಪ್ಸಿ ಅಜ್ಜನ ಲೆಕ್ಕದಲ್ಲಿ ಸ್ಕಾಟ್ಲೆಂಡ್ ಸೇರಿದ.

ಅರ್ಹತೆಯ ನಿಯಮ ಓದಿದವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಹೊರದೇಶಕ್ಕೆ ಹೋದ ಆಟಗಾರನಿಗೆ ಇನ್ನೊಂದು ಬೇಲಿ ಇದೆ. ಅದನ್ನು ಹಾಕುವುದು ವರ್ಲ್ಡ್ ರಗ್ಬಿ ಅಲ್ಲ, ಅವನ ಸ್ವಂತ ದೇಶ. ನ್ಯೂಜಿಲೆಂಡ್‌ನಲ್ಲಿ ಕ್ಲಬ್ ಒಪ್ಪಂದ ಇಲ್ಲದವನನ್ನು ಅಲ್ಲಿನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್‌ಗೆ ಆರಿಸುವುದಿಲ್ಲ. ಇಂಗ್ಲೆಂಡ್ ಕೂಡ ತೀರಾ ವಿಶೇಷ ಸಂದರ್ಭ ಬಿಟ್ಟರೆ ಹೊರಗೆ ಆಡುವವರನ್ನು ತೆಗೆದುಕೊಳ್ಳುವುದಿಲ್ಲ. ವೇಲ್ಸ್ 60 ಟೆಸ್ಟ್ ಆಡಿದವರಿಗೆ ಮಾತ್ರ ವಿನಾಯಿತಿ ಕೊಡುತ್ತಿತ್ತು, 2023ರಲ್ಲಿ ಅದನ್ನು 25ಕ್ಕೆ ಇಳಿಸಿತು. ಆಸ್ಟ್ರೇಲಿಯಾ 2015ರಲ್ಲಿ ಮ್ಯಾಟ್ ಗಿಟೋ ವಾಪಸ್ ಬರಲಿ ಅಂತ 60 ಟೆಸ್ಟ್, 7 ವರ್ಷದ ಸೇವೆ ಅನ್ನುವ ಕಿಂಡಿ ತೆರೆಯಿತು. ಕಿಂಡಿಗೆ ಅವನ ಹೆಸರೇ ಬಿತ್ತು. ಇದೆಲ್ಲದರ ಉದ್ದೇಶ ಒಂದೇ. ಎಲ್ಲರೂ ಫ್ರಾನ್ಸ್, ಜಪಾನ್‌ಗಳ ಸಂಬಳದ ಹಿಂದೆ ಹೋದರೆ ನಮ್ಮ ಲೀಗ್ ನೋಡುವವರು ಯಾರು ಅನ್ನುವ ಭಯ.

ಭಯ ಸುಳ್ಳಲ್ಲ. ಆದರೂ 2023ರ ಫೈನಲ್ ನೋಡಿ. ಒಂದು ಕಡೆ ದೇಶದೊಳಗೆ ಆಡುವವರನ್ನೇ ಆರಿಸುವ ನ್ಯೂಜಿಲೆಂಡ್. ಇನ್ನೊಂದು ಕಡೆ ಎಲ್ಲಿದ್ದರೂ ಬಾ ಅನ್ನುವ ದಕ್ಷಿಣ ಆಫ್ರಿಕಾ. ಪಂದ್ಯ ಶ್ರೇಷ್ಠನಾದ ಪೀಟರ್-ಸ್ಟೆಫ್ ಡು ಟಾಯ್ ಆಗ ಜಪಾನ್‌ನ ಟೊಯೋಟಾ ಕ್ಲಬ್‌ನವನು. ದಕ್ಷಿಣ ಆಫ್ರಿಕಾ 12-11ರಿಂದ ಗೆದ್ದಿತು. ಒಂದು ಪಾಯಿಂಟ್‌ನಿಂದ ಸಿದ್ಧಾಂತ ಸಾಬೀತಾಗುವುದಿಲ್ಲ ಅಂತ ನ್ಯೂಜಿಲೆಂಡ್ ಅಭಿಮಾನಿಗಳು ಹೇಳಬಹುದು, ಹೇಳಲಿ. ಬೇಲಿ ಹಾಕಲು ಒಳಗೆ ಹುಲ್ಲು ಇರಬೇಕು. ಟೋಂಗಾ ನಾಳೆ 'ಊರಲ್ಲಿ ಆಡುವವರನ್ನೇ ಆರಿಸುತ್ತೇವೆ' ಅಂದರೆ ತಂಡವೇ ಇರುವುದಿಲ್ಲ.

ಅದಕ್ಕೇ ನನಗೆ ಫಿಜಿಯ ದಾರಿ ಇಷ್ಟ. 2022ರಲ್ಲಿ ಫಿಜಿಯನ್ ದ್ರುವಾ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಂಡಗಳಿರುವ ಸೂಪರ್ ರಗ್ಬಿ ಲೀಗ್ ಸೇರಿತು, ಆಮೇಲೆ ಫಿಜಿಯಲ್ಲೇ ನೆಲೆ ಮಾಡಿತು. ಹುಡುಗರು ಊರಲ್ಲೇ ಇದ್ದು ಸಂಬಳಕ್ಕೆ ಆಡುವ ಹಾಗಾಯಿತು. ಮರುವರ್ಷವೇ ವಿಶ್ವಕಪ್‌ನಲ್ಲಿ ದ್ರುವಾ ಆಟಗಾರರಿಂದ ತುಂಬಿದ್ದ ಫಿಜಿ ಆಸ್ಟ್ರೇಲಿಯಾವನ್ನು 22-15ರಿಂದ ಸೋಲಿಸಿತು. 1954ರ ನಂತರ ಮೊದಲ ಸಲ. ಟೋಂಗಾ ಸಮೋವಾಗಳಿಗೆ ನಿಯಮದ ತಿದ್ದುಪಡಿ ವಯಸ್ಸಾದ ಸ್ಟಾರ್‌ಗಳನ್ನು ಕೊಟ್ಟಿತು. ಫಿಜಿಗೆ ಊರಿನ ಸಂಬಳ ಒಂದು ತಂಡವನ್ನೇ ಕೊಟ್ಟಿತು.

ಇನ್ನು ನಮ್ಮ ಹುಡುಗಿಯ ವಿಷಯ. ನಾಲ್ಕು ದೇಶ ಅಂತ ಹೇಳಿ ನಗಿಸಿದ್ದೆನಲ್ಲ, ಅದರಲ್ಲಿ ಒಂದನ್ನು ನಾನೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಭಾರತ. ರಗ್ಬಿ ನಿಯಮ ಅವಳಿಗೆ ಬಾಗಿಲು ತೆರೆದರೂ ನಮ್ಮ ಸರ್ಕಾರ ತೆರೆಯುವುದಿಲ್ಲ. 2008ರಲ್ಲಿ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟ್ ಇರುವವರೇ ಭಾರತಕ್ಕೆ ಆಡಬೇಕು ಅಂತ ಹೇಳಿತು. ದೆಹಲಿ ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ರೋಹನ್ ಬೋಪಣ್ಣ ಡೇವಿಸ್ ಕಪ್ ಆಡುತ್ತಿದ್ದ ಕಾಲದಲ್ಲೇ ಆ ತಂಡದಲ್ಲಿದ್ದ ಪ್ರಕಾಶ್ ಅಮೃತರಾಜ್ ಅಮೆರಿಕದ ಪೌರನಾದ ಕಾರಣಕ್ಕೆ ಹೊರಗುಳಿಯಬೇಕಾಯಿತು. ಎರಡು ಪೌರತ್ವಕ್ಕೆ ನಮ್ಮಲ್ಲಿ ಅವಕಾಶ ಇಲ್ಲ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಬಂದು ಹೋಗಲು ಸುಲಭ, ಆಡಲು ಅಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತದ ಪೌರನಾದ. ವೃತ್ತಿ ಫುಟ್‌ಬಾಲಿಗ ಮೂವತ್ತು ದಾಟಿದ ಮೇಲೆ ಮಾಡಿದ ನಿರ್ಧಾರ ಅದು. ಹದಿನೈದರ ಹುಡುಗಿಯನ್ನು ಪಾಸ್‌ಪೋರ್ಟ್ ಬಿಡು ಅಂತ ಯಾವ ಅಪ್ಪ ಕೇಳುತ್ತಾನೆ?

ಸಡಿಲಿಸಬೇಕು ಅಂತ ನನ್ನ ಒಲವು. ಆದರೆ ಜಗಲಿಯಲ್ಲಿ ನನ್ನ ತಮ್ಮ, ಅದೇ ಕೂಳೆ ಮೇಲೆ ಬಿದ್ದವನು, ಒಂದು ಮಾತು ಕೇಳಿದ. ಭಾರತದ ಹೆಣ್ಣುಮಕ್ಕಳ ರಗ್ಬಿ ತಂಡದಲ್ಲಿ ಒಡಿಶಾ, ಬಿಹಾರ, ಬಂಗಾಳದ ಬಡ ಮನೆಗಳ ಹುಡುಗಿಯರಿದ್ದಾರಲ್ಲ, ಆಕ್ಲೆಂಡ್‌ನಿಂದ ಹತ್ತು ಜನ ಬಂದರೆ ಅವರ ಜಾಗ ಏನಾಗುತ್ತದೆ? ಒಕ್ಕದ ತಂಡದಲ್ಲೇ ನೋಡು, ಹೊರಗಿಂದ ಒಳ್ಳೆ ಶೂ ಹಾಕಿಕೊಂಡು ಬಂದವನಿಗೆ ಜಾಗ, ವರ್ಷವಿಡೀ ಗದ್ದೆಯಲ್ಲಿ ಓಡಿದವನು ಬೆಂಚಿನಲ್ಲಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಇಲ್ಲ. ತಂಡದಲ್ಲಿ ಇಷ್ಟೇ ಜನ ಅಂತ ಮಿತಿ ಹಾಕಿ ಬಿಡಬಹುದು ಅನಿಸುತ್ತದೆ. ಅದಕ್ಕೂ ತಮ್ಮ ತಲೆ ಆಡಿಸಲಿಲ್ಲ.

ಅಷ್ಟರಲ್ಲಿ ಹುಡುಗಿಯೇ ಕೇಳಿದಳು, ಮುಂದೆಂದಾದರೂ ನಿಯಮ ಬದಲಾದರೆ ನಾನು ಏನು ತೋರಿಸಬೇಕು? ಅಪ್ಪ ಹುಟ್ಟಿದ್ದು ದುಬೈ, ಹಾಗಾಗಿ ಅವನ ಪತ್ರ ನಡೆಯುವುದಿಲ್ಲ. ದೊಡ್ಡಪ್ಪನ ಕಾಗದಪತ್ರ 2018ರ ಮಳೆಗೆ ಟ್ರಂಕಿನ ಸಮೇತ ಕೆಸರಾಗಿ ಹೋಗಿತ್ತು. ಉಳಿದದ್ದು ಅಜ್ಜಿ. ನನ್ನ ದೊಡ್ಡಮ್ಮ.

ಅವರು ಒಳಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಜನನ ಪ್ರಮಾಣಪತ್ರ ಇದೆಯಾ ಅಂತ ಕೇಳಿದೆವು. 'ಎಂಥ ಪತ್ರ?' ಅಂದರು. ಅವರು ಹುಟ್ಟಿದ್ದು 1944ರಲ್ಲಿ, ಶ್ರೀಮಂಗಲದ ಕಡೆಯ ತವರುಮನೆಯಲ್ಲಿ. ಆಗ ಭಾರತ ಸ್ವತಂತ್ರವಾಗಿರಲಿಲ್ಲ. ಕೊಡಗು ಮೈಸೂರಿಗೆ ಸೇರಿದ್ದು 1956ರಲ್ಲಿ, ಅಲ್ಲಿಯವರೆಗೆ ಅದೇ ಒಂದು ಪ್ರತ್ಯೇಕ ಆಡಳಿತ. ಸೂಲಗಿತ್ತಿ ಬಂದಿದ್ದಳು, ಹೊರಗೆ ಮಳೆ ಇತ್ತು, ಅಷ್ಟು ಅವರಿಗೆ ಅವರ ಅಮ್ಮ ಹೇಳಿದ ನೆನಪು.

'ಯಾವ ಊರಲ್ಲಿ ಅಂತ ಬರೆದದ್ದು ಏನಾದರೂ?' ಅಂತ ಹುಡುಗಿ ಮತ್ತೆ ಕೇಳಿದಳು. ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಕಿಟಕಿಯಾಚೆ, ಬೆಟ್ಟದ ಕಡೆ ತೋರಿಸಿದರು.